ಕಡತ, ಕೊಡಗೆ, ಮನೆದೇವರು: ನಂದಿಯ ಸೀಮೆಯಲ್ಲಿ ಪೂರ್ವಿಕರ ಶೋಧ

ಇಂಗ್ಲೆಂಡಿನಲ್ಲಿ ಪೂರ್ವಿಕರನ್ನು ಹುಡುಕುವವರಿಗೆ ದೊಡ್ಡ ಆಸರೆಯಾಗಿರುವುದು ಚರ್ಚಿನ ದಾಖಲೆ ಪುಸ್ತಕ. ಎಂಟನೆಯ ಹೆನ್ರಿಯ ಮಂತ್ರಿ ಥಾಮಸ್ ಕ್ರಾಮ್‌ವೆಲ್ 1538ರಲ್ಲಿ ಹೊರಡಿಸಿದ ಆಜ್ಞೆಯಂತೆ ಪ್ರತಿಯೊಂದು ಪ್ಯಾರಿಷ್, ಅಂದರೆ ಒಬ್ಬ ಪಾದ್ರಿಯ ಆಡಳಿತಕ್ಕೆ ಸೇರಿದ ಊರು, ತನ್ನಲ್ಲಿ ನಡೆದ ದೀಕ್ಷಾಸ್ನಾನ, ಮದುವೆ, ಶವಸಂಸ್ಕಾರಗಳನ್ನು ಭಾನುವಾರಕ್ಕೊಮ್ಮೆ ಬರೆದು, ಆ ಪುಸ್ತಕವನ್ನು ಎರಡು ಬೀಗದ ಪೆಟ್ಟಿಗೆಯಲ್ಲಿ ಕಾಪಾಡಬೇಕಾಗಿತ್ತು. 1837ರಲ್ಲಿ ಸರ್ಕಾರವೇ ಜನನ ಮರಣಗಳ ನೋಂದಣಿ ಆರಂಭಿಸುವವರೆಗೂ ಸಾಮಾನ್ಯ ರೈತ, ಕೂಲಿ, ಕಮ್ಮಾರರ ಹೆಸರುಗಳು ಕಾಲದಲ್ಲಿ ಉಳಿದದ್ದು ಮುಖ್ಯವಾಗಿ ಈ ಪುಸ್ತಕಗಳಿಂದಲೇ. ಈ ಪದ್ಧತಿ ಈಸ್ಟ್ ಇಂಡಿಯಾ ಕಂಪನಿಯ ದಂಡಿನೊಡನೆ ಮೈಸೂರು ಸೀಮೆಗೂ ಬಂದಿತು. ಬೆಂಗಳೂರು ದಂಡಿನ ಚರ್ಚುಗಳ ದಾಖಲೆಗಳ ಪ್ರತಿಗಳು ಮದರಾಸಿನ ಮೂಲಕ ಲಂಡನ್ನಿಗೆ ಹೋಗುತ್ತಿದ್ದವು. ಆದರೆ ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ ತಾಲ್ಲೂಕುಗಳ ಬಹುಪಾಲು ಮನೆತನಗಳಿಗೆ ಚರ್ಚಿನ ಪುಸ್ತಕದಿಂದ ಉಪಯೋಗವಿಲ್ಲ. ಇಲ್ಲಿಯ ಹಳೆಯ ಆಡಳಿತ ಯಾರು ಹುಟ್ಟಿದರು, ಯಾರು ಸತ್ತರು ಎಂದು ಕೇಳುವ ಮೊದಲು ಯಾವ ಹೊಲವನ್ನು ಯಾರು ಉಳುತ್ತಾರೆ, ಕಂದಾಯ ಎಷ್ಟು, ಊರಿನ ಸೇವೆ ಯಾರದು ಎಂದು ಕೇಳುತ್ತಿತ್ತು. ಆದುದರಿಂದ ಇಲ್ಲಿ ವಂಶದ ಹುಡುಕಾಟ ನೆಲದಿಂದಲೇ ತೊಡಗಬೇಕು.

ನೆಲದ ಲೆಕ್ಕವನ್ನು ಬರೆದವನು ಶಾನುಭೋಗ. ವಂಶಪಾರಂಪರ್ಯವಾಗಿ ಬರುತ್ತಿದ್ದ ಈ ಗ್ರಾಮ ಲೆಕ್ಕಿಗನ ಹುದ್ದೆಗೆ ಸಂಬಳದ ಬದಲು ಇನಾಂ ಭೂಮಿ, ಎಂದರೆ ಕಂದಾಯದ ವಿನಾಯಿತಿ ಪಡೆದ ಜಮೀನು ಇರುತ್ತಿತ್ತು. ಅವನು ಬರೆಯುತ್ತಿದ್ದುದು ಕಡತದಲ್ಲಿ. ಹತ್ತಿಯ ಬಟ್ಟೆಗೆ ಹುಣಸೆಬೀಜದ ಅಂಟನ್ನೂ ಇದ್ದಿಲ ಪುಡಿಯನ್ನೂ ಬಳಿದು ಒಣಗಿಸಿದರೆ ಅದು ಕಪ್ಪಾಗಿ ಗಡುಸಾಗುತ್ತದೆ. ಒಂದಡಿಯೊಳಗಿನ ಅಗಲ, ಹನ್ನೆರಡು ಅಡಿಗೂ ಮಿಕ್ಕಿದ ಉದ್ದದ ಆ ಪಟ್ಟಿಯನ್ನು ಮಡಿಕೆ ಮಡಿಕೆಯಾಗಿ ಮಡಚಿ, ಎರಡು ತುದಿಗಳಿಗೂ ಹಲಗೆ ಅಂಟಿಸಿ, ಬಳಪದ ಕಡ್ಡಿಯಿಂದ ಬಿಳಿಯ ಅಕ್ಷರಗಳಲ್ಲಿ ಲೆಕ್ಕ ಬರೆಯುತ್ತಿದ್ದರು. ಮೈಸೂರಿನಲ್ಲಿ ಕಂಪನಿಯ ರೆಸಿಡೆಂಟನಾಗಿದ್ದ ಮಾರ್ಕ್ ವಿಲ್ಕ್ಸ್ ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ತನ್ನ ಇತಿಹಾಸ ಗ್ರಂಥಕ್ಕೆ ಸಾಮಗ್ರಿ ಕೂಡಿಸುವಾಗ ಇವುಗಳನ್ನು ಕಂಡು ವರ್ಣಿಸಿದ್ದಾನೆ. ಕಾಗದಕ್ಕಿಂತ ಹೆಚ್ಚು ಬಾಳುವ ಈ ಸಾಧನಕ್ಕೆ ವಂಶಶೋಧಕನ ದೃಷ್ಟಿಯಿಂದ ಒಂದು ದೊಡ್ಡ ಕುಂದು ಉಂಟು: ಬರೆದುದನ್ನು ಒರಸಿ, ಮತ್ತೆ ಮಸಿ ಬಳಿದು, ಹೊಸ ಲೆಕ್ಕ ಬರೆಯಬಹುದಾಗಿತ್ತು. ಬಾಕಿ ತೀರಿದ ಮೇಲೆ ಹಳೆಯ ಲೆಕ್ಕವನ್ನು ಕಾಪಾಡುವ ಅಗತ್ಯ ಶಾನುಭೋಗನಿಗೆ ಇರಲಿಲ್ಲವಾದ್ದರಿಂದ ಎಷ್ಟೋ ಹಿರಿಯರ ಹೆಸರುಗಳು ಹಾಗೆಯೇ ಅಳಿಸಿಹೋದುವು.

ದಾಖಲೆ ಗಟ್ಟಿಯಾಗುವುದು 1860ರ ದಶಕದಿಂದ ಈಚೆಗೆ. 1863ರಲ್ಲಿ ಮೈಸೂರು ಸಂಸ್ಥಾನದಲ್ಲಿ ಕಂದಾಯ ಮೋಜಣಿ, ಅಂದರೆ ಹೊಲಗಳನ್ನು ಅಳೆದು ಸರ್ವೆ ನಂಬರು ಕೊಟ್ಟು ತೀರ್ವೆ ಗೊತ್ತುಮಾಡುವ ಕಾರ್ಯ, ಆರಂಭವಾಯಿತು. ಅದರ ಬೆನ್ನಿಗೇ ಇನಾಂ ಕಮಿಷನ್ ಇನಾಂದಾರರಿಂದ ಹಕ್ಕಿನ ಪುರಾವೆಯನ್ನು ಕೇಳಿತು. ಪುರಾವೆ ಕೇಳಿದಾಗ ತಾತ ಮುತ್ತಾತರ ಹೆಸರು ಹೇಳಲೇಬೇಕಾಗುತ್ತದೆ. ಇಂದಿಗೂ ಜಮೀನಿನ ಪೌತಿ ಖಾತೆಗೆ, ಅಂದರೆ ಸತ್ತವರ ಹೆಸರಿನಿಂದ ವಾರಸುದಾರರ ಹೆಸರಿಗೆ ಖಾತೆ ಬದಲಿಸಲು, ನಾಡಕಚೇರಿಯಿಂದ ವಂಶವೃಕ್ಷ ತರಬೇಕೆಂಬ ನಿಯಮ ಇರುವುದು ಇದೇ ಜಾಡಿನಲ್ಲಿ. ಪಹಣಿ, ಹಕ್ಕು ಬದಲಾವಣೆಯ ವಹಿ, ಹಳೆಯ ಕ್ರಯಪತ್ರಗಳನ್ನು ಸರ್ವೆ ನಂಬರು ಹಿಡಿದು ಹಿಂದಕ್ಕೆ ಓದಿದರೆ ಕೆಲವು ತಲೆಮಾರುಗಳ ಸರಣಿ ತಕ್ಕಮಟ್ಟಿಗೆ ನಂಬಿಕೆಯಿಂದ ಸಿಗುತ್ತದೆ. ಈ ನಾಲ್ಕು ತಾಲ್ಲೂಕುಗಳು 2007ರವರೆಗೆ ಕೋಲಾರ ಜಿಲ್ಲೆಯಲ್ಲಿದ್ದವು, ಅದಕ್ಕೂ ಹಿಂದೆ ಬ್ರಿಟಿಷ್ ಕಮಿಷನರುಗಳ ಆಳ್ವಿಕೆಯಲ್ಲಿ ಕೋಲಾರವು ನಂದಿದುರ್ಗ ವಿಭಾಗಕ್ಕೆ ಸೇರಿತ್ತು ಎಂಬುದನ್ನು ಮರೆತರೆ ಹುಡುಕುವವನು ತಪ್ಪು ಶೀರ್ಷಿಕೆಯ ಕೆಳಗೆ ಅಲೆಯಬೇಕಾಗುತ್ತದೆ.

ಭೂಮಿಯಿಲ್ಲದವರ ಪಾಡೇನು ಎಂಬ ಪ್ರಶ್ನೆ ಇಲ್ಲಿ ಏಳುತ್ತದೆ. ಇಂಗ್ಲೆಂಡಿನ ಪಾದ್ರಿ ಭಿಕ್ಷುಕನ ಶವಸಂಸ್ಕಾರವನ್ನೂ ಬರೆದಿಟ್ಟ. ಇಲ್ಲಿಯ ಶಾನುಭೋಗನಿಗೆ ಹೊಲವಿಲ್ಲದವನ ಹೆಸರನ್ನು ಬರೆಯಲು ಕಾರಣವಿರಲಿಲ್ಲ. ಆದರೂ ಕೆರೆಗಳನ್ನೇ ನಂಬಿದ ಈ ಬಯಲುಸೀಮೆಯಲ್ಲಿ ತೂಬೆತ್ತಿ ಗದ್ದೆಗಳಿಗೆ ಸರದಿಯಂತೆ ನೀರು ಬಿಡುವ ನೀರಗಂಟಿ, ಊರು ಕಾಯುವ ತಳವಾರ, ಓಲೆಕಾರಿಕೆ ಮಾಡುವ ತೋಟಿ ಇವರಿಗೆ ಸೇವಾ ಇನಾಂ ಇತ್ತು. ಇವರಲ್ಲಿ ಬಹಳಷ್ಟು ಮಂದಿ ದಲಿತರು. 1961ರ ಗ್ರಾಮ ಹುದ್ದೆಗಳ ರದ್ದಿಯಾತಿ ಶಾಸನದ ಪ್ರಕಾರ ಆ ಭೂಮಿಗಳನ್ನು ಹುದ್ದೆಯಲ್ಲಿದ್ದವರಿಗೇ ಮರುಮಂಜೂರು ಮಾಡಲು ಅವಕಾಶವಾದಾಗ, ಯಾರ ಮಗ ಯಾರು, ಹುದ್ದೆ ಯಾರಿಂದ ಯಾರಿಗೆ ಬಂದಿತು ಎಂಬ ವಿವರಗಳು ಕಚೇರಿಯ ಫೈಲಿಗೆ ಸೇರಿದವು. ಹತ್ತು ಎಕರೆ ಖುಷ್ಕಿ ಇದ್ದ ಒಕ್ಕಲಿನ ಮನೆಗಿಂತ ನೀರಗಂಟಿಯ ಮನೆತನದ ಕತೆ ಕೆಲವು ಊರುಗಳಲ್ಲಿ ಹೆಚ್ಚು ಸ್ಪಷ್ಟವಾಗಿ ಸಿಗಬಹುದಾದದ್ದು ಇದರಿಂದ.

ಕಾಗದ ಮುಗಿದ ಮೇಲೆ ಉಳಿಯುವುದು ಬಾಯಿ ಮಾತು ಮತ್ತು ದೇವರು. ಎಡ್ಗರ್ ಥರ್ಸ್ಟನ್ 1909ರಲ್ಲಿ ಪ್ರಕಟಿಸಿದ ಜಾತಿ ಬುಡಕಟ್ಟುಗಳ ಗ್ರಂಥದಲ್ಲಿ, ಎತ್ತಿನ ಮೇಲೆ ಕುಳಿತು, ಕಾಲಿಗೆ ಕಂಬಳಿ ಮುಚ್ಚಿಕೊಂಡು ಊರಿಗೆ ಬಂದು, ಮನೆ ಮನೆಯ ಮುಂದೆ ಆ ಮನೆತನದ ಚರಿತ್ರೆಯನ್ನೂ ಯುದ್ಧದಲ್ಲಿ ಮಡಿದ ವೀರರ ಹೆಸರುಗಳನ್ನೂ ಹೇಳುತ್ತಿದ್ದ ಮೈಸೂರು ಸೀಮೆಯ ಹೆಳವರನ್ನು ಬಣ್ಣಿಸಿದ್ದಾನೆ. ವಂಶಾವಳಿ ಹೇಳುವುದೇ ಅವರ ಕಸುಬು. ಕಾಳು ಕಡಿ ಪಡೆಯುವುದು ಅದರ ಪ್ರತಿಫಲ. ಕಾಣಿಕೆ ಕೊಡುವ ಮನೆಯ ಕೀರ್ತಿ ಹೇಳಿಕೆಯಲ್ಲಿ ಸ್ವಲ್ಪ ಬೆಳೆಯುವುದು ಸಹಜವಾದ್ದರಿಂದ ಅದನ್ನು ನಂಬುವಾಗ ಎಚ್ಚರ ಬೇಕು, ಆದರೂ ಮನೆತನ ಯಾವ ಊರು ಬಿಟ್ಟು ಯಾವ ಊರಿಗೆ ಬಂದಿತು ಎಂಬ ಒಂದು ವಿಷಯವನ್ನು ಪಹಣಿಗಿಂತ ಅದು ಚೆನ್ನಾಗಿ ಉಳಿಸಿಕೊಳ್ಳುತ್ತದೆ. ಅದೇ ವಿಷಯಕ್ಕೆ ಇನ್ನೊಂದು ಸಾಕ್ಷಿ ಮನೆದೇವರು. ಊರು ಬಿಟ್ಟವರು ಮಗುವಿನ ಮುಡಿ ತೆಗೆಸಲು ಮತ್ತೆ ಮತ್ತೆ ಹಳೆಯ ಊರಿನ ದೇವರಿಗೇ ಹೋಗುತ್ತಾರೆ. ಮೊರಸು ಒಕ್ಕಲಿಗರಿಗೆ ಕೋಲಾರದ ಬಳಿಯ ಸೀತಿಬೆಟ್ಟದ ಭೈರವನೊಡನೆ ಇರುವ ನಂಟು ಇಂಥದು. ಕಂಚಿಯ ಕಡೆಯಿಂದ ಬಂದು ಆವತಿಯಲ್ಲಿ ನೆಲೆಸಿದರೆಂದು ಐತಿಹ್ಯ ಹೇಳುವ ಗೌಡರ ಮನೆತನದಲ್ಲಿ ಆ ದೇವರನ್ನು ನೆನಪಿಸುವ ಭೈರೇಗೌಡ ಎಂಬ ಹೆಸರು ಮರಳಿ ಮರಳಿ ಬರುತ್ತದೆ. ಚಿಕ್ಕಬಳ್ಳಾಪುರದ ಕೋಟೆಯನ್ನು ಸುಮಾರು 1479ರಲ್ಲಿ ಕಟ್ಟಿಸಿದವನೆಂದು ಗ್ಯಾಸೆಟಿಯರುಗಳು ಹೇಳುವ ಮಲ್ಲಭೈರೇಗೌಡನೂ ಆ ಮನೆತನದವನೇ.

ಇನ್ನೂ ಹಿಂದಕ್ಕೆ ಹೋದರೆ ಕಲ್ಲುಗಳಿವೆ. ಬಿ. ಎಲ್. ರೈಸ್ 1905ರಲ್ಲಿ ಹೊರತಂದ ಎಪಿಗ್ರಾಫಿಯಾ ಕರ್ನಾಟಿಕದ ಹತ್ತನೆಯ ಸಂಪುಟದಲ್ಲಿ ಈ ನಾಲ್ಕೂ ತಾಲ್ಲೂಕುಗಳ ಶಾಸನಗಳಿವೆ. ತುರುಗಾಳಗದಲ್ಲಿ, ಎಂದರೆ ಶತ್ರುಗಳು ಹೊಡೆದುಕೊಂಡು ಹೋದ ದನಗಳನ್ನು ಬಿಡಿಸುವ ಕಾದಾಟದಲ್ಲಿ, ಸತ್ತವನ ಹೆಸರು, ಕೆಲವೆಡೆ ತಂದೆಯ ಹೆಸರು, ಅವನ ಮನೆಯವರಿಗೆ ಬಿಟ್ಟ ನೆತ್ತರುಗೊಡಗೆಯ, ಅಂದರೆ ಚೆಲ್ಲಿದ ರಕ್ತಕ್ಕಾಗಿ ಕೊಟ್ಟ ಭೂಮಿಯ ವಿವರ ವೀರಗಲ್ಲುಗಳಲ್ಲಿ ದೊರೆಯುತ್ತದೆ. ನಂದಿಯ ಭೋಗನಂದೀಶ್ವರ ದೇವಾಲಯಕ್ಕೆ ಸಂಬಂಧಿಸಿದ 806ರ ತಾಮ್ರಶಾಸನದಲ್ಲಿ ಬಾಣ ರಾಜವಂಶದ ರಾಣಿ ರತ್ನಾವಳಿಯ ಹೆಸರಿದೆ. ಶಾನುಭೋಗರ ಲೆಕ್ಕದಲ್ಲಾಗಲಿ ಹೆಳವರ ಹೇಳಿಕೆಯಲ್ಲಾಗಲಿ ಹೆಂಗಸರ ಹೆಸರು ಕಾಣುವುದು ಎಷ್ಟು ಅಪರೂಪವೆಂಬುದನ್ನು ಬಲ್ಲವರಿಗೆ ಇದರ ಬೆಲೆ ತಿಳಿಯುತ್ತದೆ. ಆದರೆ ಊರ ಮುಂದಿನ ವೀರಗಲ್ಲಿನವನನ್ನು ಇಂದಿನ ಯಾವುದೋ ಮನೆಗೆ ಮೂಲಪುರುಷನೆಂದು ಜೋಡಿಸಲು ಆಧಾರವಿಲ್ಲ. ನಡುವಿನ ಶತಮಾನಗಳಲ್ಲಿ ಬರಗಾಲ, ದಂಡಯಾತ್ರೆ, ವಲಸೆಗಳಿಂದ ಊರುಗಳು ಬೇಚಿರಾಕ್ ಆಗಿ, ಜನರಿಲ್ಲದೆ ಹಾಳುಬಿದ್ದು, ಬೇರೆಯವರಿಂದ ಮತ್ತೆ ತುಂಬಿವೆ; ಸರಣಿ ಕಡಿದಿರುವಲ್ಲಿ ಕಡಿದಿದೆ ಎಂದೇ ಬರೆಯುವುದು ಶಾಸ್ತ್ರೀಯ ಕ್ರಮ.

ಸದ್ಯಕ್ಕೆ ಆಗಬೇಕಾದ ಕೆಲಸ ಹಳೆಯ ಶಾನುಭೋಗರ, ಪಟೇಲರ ಮನೆಗಳ ಅಟ್ಟದಲ್ಲಿರುವ ಕಡತ ಕಾಗದಗಳನ್ನು ಉಳಿಸಿಕೊಳ್ಳುವುದು. ಅವುಗಳನ್ನು ಗುಜರಿಗೆ ಹಾಕುವ ಮೊದಲು ಪುಟಪುಟವನ್ನೂ ಚಿತ್ರ ತೆಗೆದು, ಊರು, ಹೋಬಳಿ, ಸರ್ವೆ ನಂಬರುಗಳನ್ನು ಗುರುತುಹಾಕಿ, ಮೂಲವನ್ನು ಯಾವುದಾದರೂ ಸಾರ್ವಜನಿಕ ದಫ್ತರಕ್ಕೆ ಒಪ್ಪಿಸುವುದು ಆ ಮನೆಗಳವರು ಇಡೀ ಊರಿಗೆ ಮಾಡಬಹುದಾದ ಉಪಕಾರ.