ಸೇನಾಧಿಕಾರಿಗಳ ಶಾಖಾವಿಭಾಗ ಮತ್ತು ಬಡ್ತಿ: ಕನ್ನಡನಾಡಿನ ನಿದರ್ಶನಗಳಿಂದ ಒಂದು ವಿವೇಚನೆ

ಯುದ್ಧಗಳ ಚರಿತ್ರೆಯನ್ನು ಬರೆಯುವವರು ರಣರಂಗದ ವೃತ್ತಾಂತಕ್ಕೆ ಕೊಡುವಷ್ಟು ಗಮನವನ್ನು ಸೈನ್ಯದ ಕಚೇರಿಗಳಿಗೆ ಕೊಡುವುದು ವಿರಳ. ಆದರೆ ರಣರಂಗದಲ್ಲಿ ಯಾರು ಯಾರಿಗೆ ಆಜ್ಞೆ ಮಾಡಬೇಕೆಂಬುದು ಅದಕ್ಕೆ ಬಹುಕಾಲ ಮುಂಚೆಯೇ ಬಡ್ತಿಯ ಪಟ್ಟಿಗಳಲ್ಲಿ ತೀರ್ಮಾನವಾಗಿರುತ್ತದೆ. ಪದಾತಿ, ಅಶ್ವದಳ, ಫಿರಂಗಿದಳ, ಎಂಜಿನಿಯರುಗಳ ದಳ, ಸರಬರಾಜು ದಳ ಎಂದು ಸೈನ್ಯವು ಶಾಖೆಗಳಾಗಿ ಒಡೆದಿರುವಾಗ, ಅಧಿಕಾರಿಯು ತನ್ನ ಶಾಖೆಯವರೊಡನೆ ಮಾತ್ರ ಸ್ಪರ್ಧಿಸಿ ಮೇಲೇರಬೇಕೆ, ಇಲ್ಲವೆ ಎಲ್ಲರಿಗೂ ಒಂದೇ ಪಟ್ಟಿ ಇರಬೇಕೆ? ಮೊದಲನೆಯದರಲ್ಲಿ ಸಮರ್ಥನೊಬ್ಬನು ತನ್ನ ಶಾಖೆ ಚಿಕ್ಕದೆಂಬ ಕಾರಣಕ್ಕೆ ಹಿಂದುಳಿಯಬಹುದು. ಎರಡನೆಯದರಲ್ಲಿ ಕಾದಾಟದ ಅನುಭವವಿಲ್ಲದವನು ಕಾದಾಳುಗಳ ಮೇಲೆ ಅಧಿಕಾರಿಯಾಗಬಹುದು. ವಿಷಯವಾರು ಜ್ಯೇಷ್ಠತಾಪಟ್ಟಿಯ ಪರಿಚಯವುಳ್ಳ ಅಧ್ಯಾಪಕವರ್ಗಕ್ಕೆ ಈ ಪ್ರಶ್ನೆ ಹೊಸದಲ್ಲ. ಆದರೆ ಸೈನ್ಯದಲ್ಲಿ ಅದರ ಫಲವನ್ನು ಪ್ರಾಣದ ಬೆಲೆಯಲ್ಲಿ ತೆರಬೇಕಾಗುತ್ತದೆ. ಈ ಪ್ರಶ್ನೆಯನ್ನು ಕನ್ನಡನಾಡಿಗೆ ಸಂಬಂಧಿಸಿದ ಕೆಲವು ನಿದರ್ಶನಗಳ ಮೂಲಕ ಪರಿಶೀಲಿಸುವುದು ಪ್ರಕೃತ ಲೇಖನದ ಉದ್ದೇಶ.

೧. ಮೈಸೂರಿನ ಪೂರ್ವರಂಗ

ಟಿಪ್ಪುಸುಲ್ತಾನನ ಪದಾತಿ ಸೈನ್ಯದ ಮುಖ್ಯ ಘಟಕಕ್ಕೆ 'ಕುಷೂನ್' ಎಂದು ಹೆಸರು. ಅದರ ನಾಯಕನು ಸಿಪಹದಾರ. ಅವನ ಕೆಳಗೆ ರಿಸಾಲದಾರರು, ಅವರ ಕೆಳಗೆ ಜೌಕ್‌ದಾರರು. ಕುಷೂನಿಗೆ ಅದರದೇ ಫಿರಂಗಿಗಳೂ ಇದ್ದುವು. ಜೈನುಲ್ ಆಬಿದೀನ್ ಶುಸ್ತರಿಯು ರಚಿಸಿದ 'ಫತಹುಲ್ ಮುಜಾಹಿದೀನ್' ಎಂಬ ಪಾರಸಿ ಗ್ರಂಥದಲ್ಲಿ ಈ ಸೈನ್ಯದ ಕವಾಯತು ಮತ್ತು ನಿಯಮಗಳು ನಿರೂಪಿತವಾಗಿವೆ. ಆಡಳಿತದಲ್ಲಿ ಸೈನ್ಯವು 'ಮೀರ್ ಮೀರಾನ್' ಇಲಾಖೆಗೂ, ಕೋಟೆಗಳ ಕಾವಲು ಮತ್ತು ಯುದ್ಧಸಾಮಗ್ರಿಗಳು 'ಮೀರ್ ಸದರ್' ಇಲಾಖೆಗೂ ಸೇರಿದ್ದುವು. ಬಯಲಿನಲ್ಲಿ ಕಾದುವವರನ್ನೂ ಕೋಟೆಯನ್ನು ಕಾಯುವವರನ್ನೂ ಬೇರೆಬೇರೆ ಇಲಾಖೆಗಳಲ್ಲಿಡುವ ಕಲ್ಪನೆ ೧೭೯೯ಕ್ಕೆ ಮುಂಚೆಯೇ ಈ ನಾಡಿನಲ್ಲಿತ್ತೆಂಬುದು ಇದರಿಂದ ವಿದಿತವಾಗುತ್ತದೆ. ತರುವಾಯದ ಒಡೆಯರ ಸಂಸ್ಥಾನದಲ್ಲಿ ಸಿಲ್ಲೇದಾರ್ ಕುದುರೆಸವಾರರು, ಬಾರ್ ಎಂಬ ಪದಾತಿ ಪಟಾಲಮುಗಳು, ಕಂದಾಚಾರದವರು ಎಂದು ಮೂರು ವರ್ಗಗಳಿದ್ದುವು.

೨. ಕಂಪನಿಯ ಮತ್ತು ಬ್ರಿಟಿಷರ ಪದ್ಧತಿ

ಬ್ರಿಟಿಷ್ ಸೈನ್ಯದಲ್ಲಿ ೧೮೭೧ರವರೆಗೆ ಪದಾತಿ ಮತ್ತು ಅಶ್ವದಳಗಳ ಅಧಿಕಾರಪದವಿಗಳನ್ನು ಹಣಕೊಟ್ಟು ಕೊಳ್ಳಬಹುದಾಗಿತ್ತು. ಫಿರಂಗಿದಳ ಮತ್ತು ಎಂಜಿನಿಯರುಗಳ ದಳಗಳಲ್ಲಿ ಮಾತ್ರ ಈ ಕ್ರಯಪದ್ಧತಿ ಇರಲಿಲ್ಲ. ಅಲ್ಲಿ ಜ್ಯೇಷ್ಠತೆಯೇ ಪ್ರಮಾಣ. ಗುಂಡಿನ ಗತಿಯನ್ನು ಲೆಕ್ಕಹಾಕಲಾರದವನಿಗೆ ಫಿರಂಗಿಯನ್ನು ಮಾರುವಂತಿಲ್ಲವೆಂಬ ವಿವೇಕ ಇದರಲ್ಲಿದೆ. ಶಾಖೆಯ ವಿದ್ಯೆಯು ಬಡ್ತಿಯ ನಿಯಮವನ್ನೇ ಬದಲಿಸಿದುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ದೊರೆಯದು.

ಈಸ್ಟ್ ಇಂಡಿಯಾ ಕಂಪನಿಯ ಸೈನ್ಯಗಳಲ್ಲಿಯೂ ಕ್ರಯಪದ್ಧತಿ ಇರಲಿಲ್ಲ. ಮೇಜರ್ ಪದವಿಯವರೆಗೆ ತನ್ನ ರೆಜಿಮೆಂಟಿನ ಪಟ್ಟಿಯಲ್ಲಿ, ಅಲ್ಲಿಂದ ಮೇಲೆ ತನ್ನ ಶಾಖೆಯ ಪಟ್ಟಿಯಲ್ಲಿ ಸರದಿ ಕಾಯಬೇಕಾಗಿತ್ತು. ಇದರಿಂದ ಒಂದು ರೆಜಿಮೆಂಟಿನಲ್ಲಿ ಮೇಲಿನವರು ಸತ್ತರೆ ಅಥವಾ ನಿವೃತ್ತರಾದರೆ ಕೆಳಗಿನವರು ಬೇಗ ಏರುತ್ತಿದ್ದರು. ಪಕ್ಕದ ರೆಜಿಮೆಂಟಿನ ಸಮವಯಸ್ಕರು ತಲೆ ನರೆತರೂ ಕ್ಯಾಪ್ಟನ್ನರಾಗಿಯೇ ಉಳಿಯುತ್ತಿದ್ದರು. ೧೮೬೧ರಲ್ಲಿ ಮೂರು ಪ್ರಾಂತಗಳಲ್ಲಿ 'ಸ್ಟಾಫ್ ಕೋರ್'ಗಳನ್ನು ಸ್ಥಾಪಿಸಿ, ಸೇವಾವಧಿಯನ್ನನುಸರಿಸಿ ಬಡ್ತಿ ಕೊಡುವ ಕ್ರಮವನ್ನು ತಂದುದರಿಂದ ಈ ವೈಷಮ್ಯವು ಬಹುಮಟ್ಟಿಗೆ ಪರಿಹಾರವಾಯಿತು.

೩. ಭಾರತೀಯ ಅಧಿಕಾರಿಗಳೂ ಮುಚ್ಚಿದ ಬಾಗಿಲುಗಳೂ

ಶಾಖಾವಿಭಾಗವು ದಕ್ಷತೆಗಾಗಿ ಮಾತ್ರವಲ್ಲದೆ ಪ್ರತಿಬಂಧಕ್ಕಾಗಿಯೂ ಬಳಕೆಯಾಗಬಹುದೆಂಬುದಕ್ಕೆ ೧೯೨೩ರ 'ಎಂಟು ಘಟಕಗಳ ಯೋಜನೆ' ಸಾಕ್ಷಿ. ಆ ಯೋಜನೆಯಂತೆ ಭಾರತೀಯ ಅಧಿಕಾರಿಗಳನ್ನು ಎರಡು ಅಶ್ವದಳಗಳಿಗೂ ಆರು ಪದಾತಿ ಮತ್ತು ಪಯೊನಿಯರ್ ಪಟಾಲಮುಗಳಿಗೂ ಮಾತ್ರ ಸೇರಿಸತಕ್ಕದ್ದೆಂದು ಗೊತ್ತಾಯಿತು. ಆಂಗ್ಲ ಅಧಿಕಾರಿಯು ಭಾರತೀಯನ ಆಜ್ಞೆಗೆ ಒಳಗಾಗುವ ಪ್ರಸಂಗ ಬಾರದಿರಲೆಂಬುದೇ ಇದರ ಹಿಂದಿನ ಇಂಗಿತ. ಮಡಿಕೇರಿಯಲ್ಲಿ ೧೯೦೬ರಲ್ಲಿ ಜನಿಸಿ, ೧೯೨೬ರಲ್ಲಿ ಸ್ಯಾಂಡ್‌ಹರ್ಸ್ಟ್‌ನಿಂದ ಹೊರಬಂದ ಕೊಡಗಿನ ಕೆ. ಎಸ್. ತಿಮ್ಮಯ್ಯನವರು ಸೇರಿದ ೧೯ನೆಯ ಹೈದರಾಬಾದ್ ರೆಜಿಮೆಂಟಿನ ೪ನೆಯ ಪಟಾಲಮು ಈ ಎಂಟರಲ್ಲೊಂದು.

ಫಿರಂಗಿದಳದ ಬಾಗಿಲು ಇನ್ನೂ ತಡವಾಗಿ ತೆರೆಯಿತು. ೧೮೫೭ರ ಅನಂತರ ಬೆಟ್ಟದ ಫಿರಂಗಿ ಬ್ಯಾಟರಿಗಳ ಹೊರತು ಉಳಿದ ಫಿರಂಗಿದಳವೆಲ್ಲವೂ ಬಹುಮಟ್ಟಿಗೆ ಆಂಗ್ಲರ ಕೈಯಲ್ಲೇ ಇತ್ತು. ಭಾರತೀಯ ಫಿರಂಗಿದಳದ ಮೊದಲ ಘಟಕವಾದ 'ಎ' ಫೀಲ್ಡ್ ಬ್ರಿಗೇಡು ೧೯೩೫ರ ಜನವರಿ ೧೫ರಂದು ನಮ್ಮ ಬೆಂಗಳೂರಿನಲ್ಲಿಯೇ ಆರಂಭವಾಯಿತೆಂಬುದು ಸ್ಮರಣೀಯ. ಸ್ವತಂತ್ರ ಭಾರತದಲ್ಲಿ ಫಿರಂಗಿದಳದ ಅಧಿಕಾರಿಯೊಬ್ಬರು, ಎಂದರೆ ಜನರಲ್ ಕುಮಾರಮಂಗಲಂ ಅವರು, ಭೂಸೈನ್ಯದ ಮುಖ್ಯಸ್ಥರಾದುದು ೧೯೬೬ರಲ್ಲಿ. ಎಂಜಿನಿಯರುಗಳ ದಳದಿಂದ ಮೊದಲಿಗೆ ಆ ಪದವಿಗೇರಿದವರು ಜನರಲ್ ಮನೋಜ್ ಪಾಂಡೆ. ಅದು ನಡೆದುದು ೨೦೨೨ರ ಏಪ್ರಿಲ್ ೩೦ರಂದು. ತಡವಾಗಿ ತೆರೆದ ಬಾಗಿಲಿನ ಪರಿಣಾಮವು ಶಿಖರದಲ್ಲಿ ಕಾಣಿಸಲು ಎಷ್ಟು ಕಾಲ ಹಿಡಿಯುತ್ತದೆಂಬುದನ್ನು ಈ ವರ್ಷಗಳು ತಿಳಿಸುತ್ತವೆ.

೪. ತಿಮ್ಮಯ್ಯನವರ ರಾಜೀನಾಮೆ

ತಿಮ್ಮಯ್ಯನವರು ಎರಡನೆಯ ಮಹಾಯುದ್ಧದಲ್ಲಿ ಬರ್ಮಾದ ರಣರಂಗದಲ್ಲಿ ಪದಾತಿ ಬ್ರಿಗೇಡನ್ನು ನಡೆಸಿದವರು. ೧೯೪೮ರ ನವೆಂಬರ್ ೧ರಂದು ಜೋಜಿಲಾ ಕಣಿವೆಯನ್ನು ಭೇದಿಸಿದ ಕಾರ್ಯಾಚರಣೆ ಅವರ ನೇತೃತ್ವದ್ದು. ಅದರಲ್ಲಿ ಹಾದಿ ಕಡಿದವರು ಬೆಂಗಳೂರನ್ನು ಕೇಂದ್ರವಾಗುಳ್ಳ ಮದ್ರಾಸ್ ಸ್ಯಾಪರ್ಸ್. ಟ್ಯಾಂಕುಗಳನ್ನು ಮೇಲೇರಿಸಿದವರು ೭ನೆಯ ಕ್ಯಾವಲ್ರಿಯವರು. ನೆಲವನ್ನು ವಶಪಡಿಸಿಕೊಂಡವರು ಪದಾತಿಗಳು. ಒಂದು ಶಾಖೆಯೂ ತಾನೊಂದೇ ಗೆದ್ದೆನೆನ್ನುವಂತಿಲ್ಲ. ಆದರೆ ಮೂರನ್ನೂ ಹೂಡಬಲ್ಲ ನಾಯಕನ ಅನುಭವ ರಣರಂಗದಲ್ಲಿ ಗಳಿಸಿದುದಾಗಿತ್ತು.

೧೯೫೭ರಲ್ಲಿ ಅವರು ಭೂಸೈನ್ಯದ ಮುಖ್ಯಸ್ಥರಾದರು. ರಕ್ಷಣಾಮಂತ್ರಿ ವಿ. ಕೆ. ಕೃಷ್ಣಮೆನನ್ನರೊಡನೆ ಉಂಟಾದ ವಿರಸದ ಕಾರಣಗಳಲ್ಲಿ ಹಿರಿಯ ಪದವಿಗಳ ಬಡ್ತಿಯೂ ಒಂದು. ಬಿ. ಎಂ. ಕೌಲರು ರಾಜಪುತಾನಾ ರೈಫಲ್ಸ್‌ನಲ್ಲಿ ಸೇವೆಯನ್ನಾರಂಭಿಸಿ, ಬಳಿಕ ಸರಬರಾಜು ದಳಕ್ಕೆ ವರ್ಗವಾದವರು. ಸ್ವಾತಂತ್ರ್ಯಾನಂತರ ಪದಾತಿ ಬ್ರಿಗೇಡು ಮತ್ತು ಡಿವಿಜನ್ನುಗಳ ಅಧಿಕಾರ ಅವರಿಗೆ ದೊರೆತರೂ, ಯುದ್ಧದಲ್ಲಿ ಪದಾತಿ ಪಟಾಲಮನ್ನು ನಡೆಸಿದ ಅನುಭವ ಅವರಿಗಿರಲಿಲ್ಲ. ೧೯೫೯ರಲ್ಲಿ ಅವರನ್ನು ಲೆಫ್ಟಿನೆಂಟ್ ಜನರಲ್ ಪದವಿಗೇರಿಸಲಾಯಿತು. ಅದೇ ವರ್ಷದ ಆಗಸ್ಟ್ ೩೧ರಂದು ತಿಮ್ಮಯ್ಯನವರು ರಾಜೀನಾಮೆಯನ್ನಿತ್ತು, ಪ್ರಧಾನಿ ನೆಹರೂ ಅವರ ಮಾತಿಗೆ ಒಪ್ಪಿ ಹಿಂತೆಗೆದುಕೊಂಡರು. ೧೯೬೧ರ ಮೇ ತಿಂಗಳಲ್ಲಿ ನಿವೃತ್ತರಾದರು. ಕೌಲರು ಆ ವರ್ಷ ಚೀಫ್ ಆಫ್ ಜನರಲ್ ಸ್ಟಾಫ್ ಆದರು. ೧೯೬೨ರ ಅಕ್ಟೋಬರಿನಲ್ಲಿ ಈಶಾನ್ಯ ಗಡಿಯ ೪ನೆಯ ಕೋರಿನ ಅಧಿಪತಿಯಾದರು. ಮುಂದಿನ ಪರಾಜಯ ಸರ್ವವಿದಿತ.

ಇಲ್ಲಿ ಇತಿಹಾಸಕಾರನು ಎಚ್ಚರ ವಹಿಸಬೇಕು. ಸರಬರಾಜು ದಳದವರೆಂಬ ಮಾತ್ರಕ್ಕೆ ಕೌಲರು ಸೋತರೆನ್ನುವುದು ಯುಕ್ತವಲ್ಲ. ಅದೇ ರಂಗದಲ್ಲಿ ಪದಾತಿದಳದ ಸೇನಾನಿಗಳೂ ವಿಫಲರಾದರು. ಚಳಿಗಾಲದ ಉಡುಪು, ರಸ್ತೆ, ಮದ್ದುಗುಂಡುಗಳ ಅಭಾವವೂ, ದೆಹಲಿಯ ರಾಜಕೀಯ ನಿರ್ಣಯಗಳೂ ಆ ಸೋಲಿಗೆ ಕಾರಣ. ಆಕ್ಷೇಪಕ್ಕೆ ಆಸ್ಪದವಿರುವುದು ಬೇರೆಡೆ: ಒಬ್ಬನು ಶಾಖೆಯಿಂದ ಶಾಖೆಗೆ ದಾಟಿ ಮೇಲೇರುವುದಾದರೆ, ಅದಕ್ಕೆ ಎಲ್ಲರಿಗೂ ತಿಳಿದ ನಿಯಮವೂ, ಅನುಭವದ ಪರೀಕ್ಷೆಯೂ ಇರಬೇಕು. ಮಂತ್ರಿಯ ಅನುಗ್ರಹವು ನಿಯಮದ ಸ್ಥಾನವನ್ನು ಆಕ್ರಮಿಸಿದರೆ ಉಳಿದ ಅಧಿಕಾರಿಗಳ ವಿಶ್ವಾಸ ಕುಂದುತ್ತದೆ. ತಿಮ್ಮಯ್ಯನವರ ಪ್ರತಿಭಟನೆಯ ಸಾರವನ್ನು ಹೀಗೆ ಗ್ರಹಿಸುವುದು ಉಚಿತ.

೫. ಈಚಿನ ವಿವಾದ

೧೯೯೯ರ ಕಾರ್ಗಿಲ್ ಯುದ್ಧದ ಬಳಿಕ, ಪಟಾಲಮುಗಳ ನಾಯಕರು ಇನ್ನೂ ಕಿರಿಯ ವಯಸ್ಸಿನವರಾಗಿರಬೇಕೆಂಬ ಅಭಿಪ್ರಾಯ ಬಲಗೊಂಡಿತು. ಅಜಯ್ ವಿಕ್ರಮ್ ಸಿಂಗ್ ಸಮಿತಿಯ ಶಿಫಾರಸಿನ ಫಲವಾಗಿ ಕರ್ನಲ್ ಪದವಿಯ ಸ್ಥಾನಗಳು ಹೆಚ್ಚಿದುವು. ಅವನ್ನು ಹಂಚುವ ಬಗೆಯೇ ವಿವಾದಕ್ಕೆ ಕಾರಣವಾಯಿತು. ೨೦೦೯ರ ನೀತಿಯಲ್ಲಿ ಪದಾತಿದಳದ ನಾಯಕರ ಅಧಿಕಾರಾವಧಿಯನ್ನು ಇತರರದಕ್ಕಿಂತ ಮೊಟಕಾಗಿ ಎಣಿಸಲಾಯಿತು. ಅವಧಿ ಮೊಟಕಾದಷ್ಟೂ ಸ್ಥಾನಗಳು ಬೇಗ ತೆರವಾಗುತ್ತವೆ. ಆದಕಾರಣ ಪದಾತಿದಳಕ್ಕೆ ಹೆಚ್ಚು ಬಡ್ತಿ ದೊರೆತು, ಇತರ ಶಾಖೆಗಳವರು ಅನ್ಯಾಯವಾಯಿತೆಂದು ಸಶಸ್ತ್ರಪಡೆಗಳ ನ್ಯಾಯಮಂಡಳಿಯ ಮೊರೆಹೊಕ್ಕರು. ಮಂಡಳಿಯು ೨೦೧೫ರಲ್ಲಿ ನೀತಿಯನ್ನು ರದ್ದುಗೊಳಿಸಿತು. ಸರ್ವೋಚ್ಚ ನ್ಯಾಯಾಲಯವು ೨೦೧೬ರ ಫೆಬ್ರವರಿಯಲ್ಲಿ ನೀತಿಯನ್ನು ಎತ್ತಿಹಿಡಿದರೂ, ಕದನಕ್ಕೆ ನೆರವಾಗುವ ಶಾಖೆಗಳಿಗಾಗಿ ಹೆಚ್ಚುವರಿ ಸ್ಥಾನಗಳನ್ನು ಸೃಷ್ಟಿಸಬೇಕೆಂದು ವಿಧಿಸಿತು. ಸೈನ್ಯದ ಅಗತ್ಯವೂ ಅಧಿಕಾರಿಯ ನ್ಯಾಯವಾದ ನಿರೀಕ್ಷೆಯೂ ಬೇರೆಬೇರೆ ಎಂಬುದನ್ನೂ, ಎರಡನ್ನೂ ಕಡೆಗಣಿಸುವಂತಿಲ್ಲವೆಂಬುದನ್ನೂ ಈ ತೀರ್ಪು ಒಪ್ಪಿದಂತಾಯಿತು.

೬. ಉಪಸಂಹಾರ

ಮೇಲಿನ ನಿದರ್ಶನಗಳಿಂದ ಎರಡು ಅಂಶಗಳು ಸಿದ್ಧವಾಗುತ್ತವೆ. ಶಾಖಾವಿಭಾಗವು ವಿದ್ಯೆಯ ಭೇದದಿಂದ ಹುಟ್ಟಿದುದಾದರೂ, ಕಾಲಕ್ರಮದಲ್ಲಿ ಅದು ಅಧಿಕಾರದ ಹಂಚಿಕೆಯ ಸಾಧನವಾಗುತ್ತದೆ. ೧೯೨೩ರ ಯೋಜನೆಯಲ್ಲಿ ಜನಾಂಗಭೇದವೇ ಶಾಖೆಯ ವೇಷ ತೊಟ್ಟಿತ್ತು. ಎರಡನೆಯದಾಗಿ, ಒಂದು ಪಟ್ಟಿಯೋ ಹಲವು ಪಟ್ಟಿಗಳೋ ಎಂಬುದಕ್ಕಿಂತ, ನಿಯಮವು ಮೊದಲೇ ಪ್ರಕಟವಾಗಿ ಎಲ್ಲರಿಗೂ ಸಮನಾಗಿ ಅನ್ವಯಿಸುತ್ತದೆಯೆ ಎಂಬುದು ಮುಖ್ಯ. ಮೈಸೂರು ಸಂಸ್ಥಾನದ ಲ್ಯಾನ್ಸರ್ಸ್ ದಳವು ೧೯೧೮ರ ಸೆಪ್ಟೆಂಬರ್ ೨೩ರಂದು ಹೈಫಾದಲ್ಲಿ ಪಡೆದ ಕೀರ್ತಿಯನ್ನು ನಮ್ಮ ವಿದ್ಯಾರ್ಥಿಗಳು ಬಲ್ಲರು. ಆ ದಳವು ಸ್ವಾತಂತ್ರ್ಯಾನಂತರ ೬೧ನೆಯ ಕ್ಯಾವಲ್ರಿಯಲ್ಲಿಯೂ, ಸಂಸ್ಥಾನದ ಪದಾತಿಯು ಮದ್ರಾಸ್ ರೆಜಿಮೆಂಟಿನ ೧೮ನೆಯ ಪಟಾಲಮಿನಲ್ಲಿಯೂ ವಿಲೀನವಾದಾಗ ಅಲ್ಲಿನ ಅಧಿಕಾರಿಗಳ ಜ್ಯೇಷ್ಠತೆ ಏನಾಯಿತೆಂಬುದು ಇದೇ ಪ್ರಶ್ನೆಯ ಇನ್ನೊಂದು ಮುಖ. ಸಂಸ್ಥಾನದ ಸೈನ್ಯಕ್ಕೆ ಸಂಬಂಧಿಸಿದ ಕಾಗದಪತ್ರಗಳನ್ನು ಈ ದೃಷ್ಟಿಯಿಂದ ಓದುವ ಕಾರ್ಯಕ್ಕೆ ನಮ್ಮ ಸಂಶೋಧನ ವಿದ್ಯಾರ್ಥಿಗಳು ಕೈಹಾಕುವುದು ಅಪೇಕ್ಷಣೀಯ.