ಬಳ್ಳಾರಿಯ ವಿಮಾನ ಅಂಚೆ

ಬಳ್ಳಾರಿ 1932ರ ಅಕ್ಟೋಬರ್ 15ರಂದು ಶುರುವಾದ ಕರಾಚಿ–ಮದರಾಸು ವಿಮಾನ ಅಂಚೆಯ ತಂಗುದಾಣವಾಗಿತ್ತು. ಊರು ಆಗ ಮದರಾಸು ಪ್ರಾಂತ್ಯಕ್ಕೆ ಸೇರಿತ್ತು.

ಭಾರತದಲ್ಲಿ ಅಂಚೆ ಮೊದಲು ಹಾರಿದ್ದು 1911ರ ಫೆಬ್ರವರಿ 18ರಂದು. ಫ್ರೆಂಚ್ ಪೈಲಟ್ ಆನ್ರಿ ಪೆಕೆ ಸುಮಾರು 6,500 ಕಾಗದಗಳನ್ನು ಹೇರಿಕೊಂಡು ಅಲಹಾಬಾದಿನಿಂದ ಯಮುನೆಯಾಚೆಯ ನೈನಿಗೆ ಹಾರಿದ. ಅವನದು ಹಂಬರ್ ಕಂಪನಿಯ ಬೈಪ್ಲೇನ್, ಅಂದರೆ ಒಂದರ ಮೇಲೊಂದು ಎರಡು ರೆಕ್ಕೆಗಳ ವಿಮಾನ. ಆಗಿನ ಎಂಜಿನ್‌ಗಳಿಗೆ ಬಲ ಸಾಲದು. ನಿಧಾನ ವೇಗದಲ್ಲೂ ಮೇಲೇಳಬೇಕಾದರೆ ರೆಕ್ಕೆ ಅಗಲವಾಗಿರಬೇಕು. ಮರದ ಚೌಕಟ್ಟಿಗೆ ಬಟ್ಟೆ ಹೊದಿಸಿದ ಉದ್ದ ರೆಕ್ಕೆ ಒಂದೇ ಆದರೆ ಬಾಗಿ ಮುರಿಯುವ ಭಯ. ಎರಡನ್ನು ಜೋಡಿಸಿ, ನಡುವೆ ಕಂಬ ಕೊಟ್ಟು, ತಂತಿ ಬಿಗಿದರೆ ಸೇತುವೆಯ ಹಾಗೆ ಗಟ್ಟಿ. ಆದರೆ ಆ ಕಂಬ, ತಂತಿಗಳೇ ಗಾಳಿಗೆ ಅಡ್ಡವಾಗಿ ವೇಗ ತಿನ್ನುತ್ತಿದ್ದವು. ಕರಾಚಿ–ಮದರಾಸು ಅಂಚೆ ಶುರುಮಾಡಿದ ಜೆ.ಆರ್.ಡಿ. ಟಾಟಾ ಮುಂಬಯಿಯ ಫ್ಲೈಯಿಂಗ್ ಕ್ಲಬ್ಬಿನಲ್ಲಿ ಹಾರಾಟ ಕಲಿತದ್ದೂ ಬೈಪ್ಲೇನಿನಲ್ಲೇ, ಜಿಪ್ಸಿ ಮಾತ್‌ನಲ್ಲಿ. 1929ರಲ್ಲಿ ಅವರಿಗೆ ಲೈಸೆನ್ಸ್ ಸಿಕ್ಕಿತು.

ಅಂಚೆಗೆ ಕೊಂಡದ್ದು ಮಾತ್ರ ಒಂಟಿ ರೆಕ್ಕೆಯ, ಮುಚ್ಚಿದ ಕ್ಯಾಬಿನ್ನಿನ ಎರಡು ಪುಸ್ ಮಾತ್‌ಗಳನ್ನು. ಯೋಜನೆ ಹೊಸೆದವನು ಬ್ರಿಟಿಷ್ ವಾಯುಪಡೆಯಲ್ಲಿದ್ದ ನೆವಿಲ್ ವಿನ್ಸೆಂಟ್. ಇಂಪೀರಿಯಲ್ ಏರ್‌ವೇಸ್ ಇಂಗ್ಲೆಂಡಿನಿಂದ ಕರಾಚಿಗೆ ತರುತ್ತಿದ್ದ ಅಂಚೆಯನ್ನು ವಾರಕ್ಕೊಮ್ಮೆ ದಕ್ಷಿಣಕ್ಕೆ ಮುಟ್ಟಿಸುವುದು ಅವನ ಲೆಕ್ಕಾಚಾರ.

ಮೊದಲ ದಿನ ಬೆಳಿಗ್ಗೆ ಟಾಟಾ ಕರಾಚಿಯಿಂದ ಹೊರಟು, ಅಹಮದಾಬಾದಿನಲ್ಲಿ ಪೆಟ್ರೋಲ್ ತುಂಬಿಸಿಕೊಂಡು, ಮಧ್ಯಾಹ್ನ ಮುಂಬಯಿಯ ಜುಹುವಿನಲ್ಲಿ ಇಳಿದರು. ಮಳೆಗಾಲದಲ್ಲಿ ನೀರು ನಿಲ್ಲುತ್ತಿದ್ದ ಮೈದಾನವದು. ಮದರಾಸಿನ ಚೀಲಗಳು ಅಲ್ಲಿಂದ ವಿನ್ಸೆಂಟನ ವಿಮಾನಕ್ಕೆ ಬಂದವು. ಬಳ್ಳಾರಿ ಅಲ್ಲಿಂದ ನೇರ ದಾರಿಯಲ್ಲಿ ಸುಮಾರು 600 ಕಿ.ಮೀ. ವಿಮಾನದಲ್ಲಿ ರೇಡಿಯೊ ಇಲ್ಲ, ದಾರಿಯಲ್ಲಿ ದೀಪವಿಲ್ಲ; ಕೆಳಗಿನ ರೈಲು ಹಳಿ, ಹೊಳೆ, ಗುಡ್ಡಗಳನ್ನು ನೋಡಿಕೊಂಡೇ ಸಾಗಬೇಕು. ಹೊತ್ತು ಮುಳುಗಿದ ಮೇಲೆ ಹಾರುವ ಮಾತೇ ಇಲ್ಲ. ಹೀಗಾಗಿ ರಾತ್ರಿ ಬಳ್ಳಾರಿಯಲ್ಲಿ ತಂಗಿ, ಮರುದಿನ ಮದರಾಸು. ಕತ್ತಲಾಗದಿದ್ದರೆ ಬಳ್ಳಾರಿಯ ಹೆಸರು ಈ ಚರಿತ್ರೆಯಲ್ಲಿ ಬರುತ್ತಿತ್ತೋ ಇಲ್ಲವೋ.

ಸೇವೆಗೆ ಲಾಭ ಬಂತು, ಮೊದಲ ವರ್ಷವೇ ಸುಮಾರು 60,000 ರೂಪಾಯಿ. ಮುಂದೆ ತಂಗುದಾಣ ಬಳ್ಳಾರಿಯಿಂದ ಹೈದರಾಬಾದಿಗೆ ಹೋಯಿತು. ವಿನ್ಸೆಂಟ್ 1942ರಲ್ಲಿ ಇಂಗ್ಲೆಂಡಿಗೆ ಹೊರಟ ವಿಮಾನದೊಂದಿಗೇ ಕಾಣೆಯಾದ. ಮದರಾಸಿನ ದಾರಿ ಹಾರಿದವನು ಅವನೇ ಆದರೂ ಇಂದು ಜನರ ಬಾಯಲ್ಲಿರುವುದು ಟಾಟಾ ಹೆಸರೊಂದೇ. 1982ರಲ್ಲಿ, 78ನೇ ವಯಸ್ಸಿನಲ್ಲಿ, ಟಾಟಾ ಲೆಪರ್ಡ್ ಮಾತ್ ವಿಮಾನದಲ್ಲಿ ಹಳೆಯ ದಾರಿಯನ್ನು ಮತ್ತೆ ಹಾರಿದರು. ಆ ಹಾರಾಟ ಮುಂಬಯಿಗೇ ಮುಗಿಯಿತು.