ಮನೆಮಂದಿಯ ದುಡಿಮೆಗೆ ಬೆಲೆ: ಕೃಷಿ ಅರ್ಥಶಾಸ್ತ್ರ ನಡೆದುಬಂದ ದಾರಿ

ಕೋಲಾರದ ಟೊಮೇಟೊ ಮಂಡಿಯಿಂದ ಮರಳುವ ರೈತನ ಜೇಬಿನಲ್ಲಿ ಮಡಿಸಿಟ್ಟ ಲೆಕ್ಕದ ಚೀಟಿಯನ್ನು ಬಿಡಿಸಿ ನೋಡಿದರೆ, ಪೆಟ್ಟಿಗೆಗಳ ಸಂಖ್ಯೆ, ಹರಾಜಿನಲ್ಲಿ ನಿಂತ ದರ, ಆ ಮೊತ್ತದಿಂದ ಕಳೆದ ಗಾಡಿ ಬಾಡಿಗೆ, ಹಮಾಲಿ, ಕಮಿಷನ್ನು, ಇವೆಲ್ಲ ಒಂದರ ಕೆಳಗೊಂದಾಗಿ ಕಾಣುವುವು. ಆದರೆ ಮುನ್ನಾದಿನ ಬೆಳಗಿನಿಂದ ಬಾಗಿ ಹಣ್ಣು ಬಿಡಿಸಿ, ಸಂಜೆ ಬದುವಿನ ಮೇಲೆ ಕುಳಿತು ಒಡೆದುದನ್ನೂ ಹುಳು ಬಿದ್ದುದನ್ನೂ ಆರಿಸಿ ತೆಗೆದು ಪೆಟ್ಟಿಗೆ ತುಂಬಿದ ಆತನ ತಾಯಿ ಮತ್ತು ಹೆಂಡತಿಯರ ದುಡಿಮೆಗೆ ಅಲ್ಲಿ ಒಂದು ಸಾಲೂ ದೊರೆಯದು. ಬೇಸಾಯದ ಉತ್ಪಾದಕತೆ, ಬೆಲೆ, ಮಾರುಕಟ್ಟೆಗಳನ್ನು ಕುರಿತು ನಮ್ಮ ದೇಶದಲ್ಲಿ ಒಂದು ಶತಮಾನಕ್ಕೂ ಮಿಕ್ಕಿ ನಡೆದಿರುವ ಅರ್ಥಶಾಸ್ತ್ರೀಯ ಸಂಶೋಧನೆಯ ಇತಿಹಾಸವನ್ನು ಓದಿದಂತೆಲ್ಲ, ಅದರ ಬಹುಪಾಲು ವಾದವಿವಾದಗಳು ಬರೆಯದೆ ಬಿಟ್ಟ ಈ ಸಾಲನ್ನೇ ಸುತ್ತಿಕೊಂಡು ಬೆಳೆದಿವೆಯೆಂಬ ಭಾವನೆ ನನ್ನಲ್ಲಿ ದೃಢವಾಗುತ್ತ ಬಂದಿದೆ.

ರೈತನ ಬಡತನಕ್ಕೆ ಅವನ ಆಲಸ್ಯವೂ ಮದುವೆ ಮುಂಜಿಗಳ ದುಂದುವೆಚ್ಚವೂ ಕಾರಣವೆಂದು ಅಧಿಕಾರಿವರ್ಗ ಸುಲಭವಾಗಿ ತೀರ್ಮಾನಿಸುತ್ತಿದ್ದ ಕಾಲದಲ್ಲಿ, ಪುಣೆಯ ಕೃಷಿ ಕಾಲೇಜಿನ ಪ್ರಾಂಶುಪಾಲರಾಗಿದ್ದ ಹೆರಾಲ್ಡ್ ಮ್ಯಾನ್ ಎಂಬ ರಸಾಯನಶಾಸ್ತ್ರಜ್ಞರು ಸಮೀಪದ ಪಿಂಪಳೆ ಸೌದಾಗರವೆಂಬ ಹಳ್ಳಿಯನ್ನು ಹೊಲಹೊಲವಾಗಿ, ಮನೆಮನೆಯಾಗಿ ಪರಿಶೀಲಿಸಿ 1917ರಲ್ಲಿ ತಮ್ಮ ಗ್ರಂಥವನ್ನು ಪ್ರಕಟಿಸಿದರು. ಹಿಡುವಳಿಗಳು ತುಂಡುತುಂಡಾಗಿ ಹರಿದುಹೋಗಿರುವುದನ್ನೂ, ಹೆಚ್ಚಿನ ಕುಟುಂಬಗಳು ನೆಲವೊಂದನ್ನೇ ನಂಬಿ ತಮ್ಮದೇ ಆದ ಸಾಧಾರಣ ಜೀವನಮಟ್ಟವನ್ನು ಸಹ ಕಾಪಾಡಿಕೊಳ್ಳಲಾರದಿರುವುದನ್ನೂ ಅವರು ಅಂಕಿಗಳಲ್ಲಿ ತೋರಿಸಿಕೊಟ್ಟರು. ಮರುವರ್ಷ ಮದರಾಸು ವಿಶ್ವವಿದ್ಯಾನಿಲಯದ ಗಿಲ್ಬರ್ಟ್ ಸ್ಲೇಟರ್ ದಕ್ಷಿಣ ಭಾರತದ ಕೆಲವು ಹಳ್ಳಿಗಳ ವೃತ್ತಾಂತವನ್ನು ಹೊರತಂದರು. ಮ್ಯಾನ್ ಅವರ ಹಳ್ಳಿ ಇಂದು ಪಿಂಪ್ರಿ ಚಿಂಚವಾಡ ನಗರದೊಳಗೆ ಕರಗಿಹೋಗಿದೆ. ಅವರು ಅಳೆದ ಹೊಲಗಳ ಮೇಲೆ ಬಹುಮಹಡಿಯ ಮನೆಗಳು ಎದ್ದಿವೆ. ಆದರೂ ಹೊಲದ ಅಂಚಿಗೆ ಹೋಗಿ ನಿಂತು ಕೇಳಬೇಕೆಂಬ ಪದ್ಧತಿ ಆ ನೆಲದಿಂದಲೇ ಮೊಳೆಯಿತೆಂಬುದನ್ನು ನಾವು ಕೃತಜ್ಞತೆಯಿಂದ ನೆನೆಯಬೇಕು.

ಸುಮಾರು ಅದೇ ಕಾಲದಲ್ಲಿ ರಷ್ಯಾದ ಅಲೆಕ್ಸಾಂಡರ್ ಚಯನೋವ್ ಎಂಬ ವಿದ್ವಾಂಸನು ಮೂಲಭೂತವಾದ ಒಂದು ಮಾತನ್ನು ಎತ್ತಿದನು. ಕೂಲಿಯಾಳನ್ನು ಇಡದೆ ಮನೆಮಂದಿಯೇ ದುಡಿಯುವ ಬೇಸಾಯದಲ್ಲಿ ಕೂಲಿಯೆಂಬ ವೆಚ್ಚವೇ ಇಲ್ಲ. ಆದುದರಿಂದ ಲಾಭವೆಂಬ ಪದಕ್ಕೂ ಅಲ್ಲಿ ಕಾರ್ಖಾನೆಯಲ್ಲಿರುವ ಅರ್ಥವಿಲ್ಲ. ಉಣ್ಣುವ ಬಾಯಿಗಳ ಅಗತ್ಯವೂ ದುಡಿಯುವ ಮೈಗಳ ದಣಿವೂ ಯಾವ ಬಿಂದುವಿನಲ್ಲಿ ಸಮತೂಗುವುವೋ ಅಲ್ಲಿಯವರೆಗೆ ಕುಟುಂಬವು ದುಡಿಯುತ್ತದೆ ಎಂಬುದು ಅವನ ವಾದದ ಸಾರ. 1937ರಲ್ಲಿ ಅವನನ್ನು ಗುಂಡಿಕ್ಕಿ ಕೊಲ್ಲಲಾಯಿತು; ಅವನ ಮುಖ್ಯ ಕೃತಿ ಇಂಗ್ಲಿಷಿನಲ್ಲಿ ದೊರೆತುದು 1966ರಲ್ಲಿ. ಅಷ್ಟರಲ್ಲಿ ಭಾರತೀಯರು ತಮ್ಮ ದಾರಿಯಲ್ಲಿಯೇ ನಡೆದು ಆ ಪ್ರಶ್ನೆಯ ಬಾಗಿಲಿಗೆ ಬಂದು ನಿಂತಿದ್ದರು.

ಅವರನ್ನು ಅಲ್ಲಿಗೆ ಕರೆತಂದುದು 1954–55ರಲ್ಲಿ ಕೇಂದ್ರ ಸರ್ಕಾರವು ಆರಂಭಿಸಿದ ಬೇಸಾಯ ನಿರ್ವಹಣಾ ಸಮೀಕ್ಷೆಗಳು. ಅಮೃತಸರ, ಮೀರತ್, ಹೂಗ್ಲಿ, ಅಕೋಲಾ, ಸೇಲಂ, ಅಹಮದ್‌ನಗರ ಮುಂತಾದ ಜಿಲ್ಲೆಗಳಲ್ಲಿ ಕೆಲವು ಹಳ್ಳಿಗಳನ್ನು ಆರಿಸಿ, ಅಲ್ಲಿಯೇ ವಾಸವಿದ್ದ ಗಣತಿದಾರರು ಯಾವ ಹೊಲದಲ್ಲಿ ಯಾರು ಎಷ್ಟು ಗಂಟೆ ದುಡಿದರು, ಎತ್ತುಗಳನ್ನು ಎಷ್ಟು ಹೊತ್ತು ಹೂಡಿದರು, ಎಷ್ಟು ಬುಟ್ಟಿ ಗೊಬ್ಬರ ಚೆಲ್ಲಿದರು ಎಂಬುದನ್ನು ದಿನದಿನವೂ ಬರೆದಿಟ್ಟರು. ಈ ಲೆಕ್ಕವನ್ನು ಒಪ್ಪವಾಗಿಸಲು ವೆಚ್ಚಕ್ಕೆ ಎ, ಬಿ, ಸಿ ಎಂಬ ಮೆಟ್ಟಿಲುಗಳನ್ನು ಕಟ್ಟಿದರು: ಬೀಜ, ಗೊಬ್ಬರ, ಕೂಲಿಯಾಳು, ಎತ್ತಿನ ದುಡಿಮೆ, ಕಂದಾಯ ಮೊದಲಾದುವು ಮೊದಲನೆಯದು, ಸ್ವಂತ ನೆಲದ ಗೇಣಿಯನ್ನೂ ಸ್ವಂತ ಬಂಡವಾಳದ ಬಡ್ಡಿಯನ್ನೂ ಅಂದಾಜಿಸಿ ಕೂಡಿಸಿದುದು ಎರಡನೆಯದು, ಇವೆಲ್ಲದರ ಮೇಲೆ ಮನೆಮಂದಿಯ ದುಡಿಮೆಗೆ ಊರಿನ ಕೂಲಿದರದಂತೆ ಬೆಲೆ ಕಟ್ಟಿ ಸೇರಿಸಿದುದು ಮೂರನೆಯದು. ಹೆಣ್ಣಾಳಿನ ದಿನವನ್ನು ಗಂಡಾಳಿನ ದಿನಕ್ಕೆ ಪರಿವರ್ತಿಸುವಾಗ ಕೂಲಿಯ ಅನುಪಾತವನ್ನೇ ಅಳತೆಗೋಲಾಗಿ ಹಿಡಿದುದರಿಂದ, ಪೇಟೆ ಹೆಣ್ಣಿಗೆ ಕಡಮೆ ಕೊಟ್ಟಿದ್ದ ಅನ್ಯಾಯವು ಹಾಗೆಯೇ ಶಾಸ್ತ್ರದ ಕೋಷ್ಟಕದೊಳಕ್ಕೂ ಇಳಿಯಿತು. ಇದನ್ನು ಸಣ್ಣ ದೋಷವೆಂದು ನಾನು ತಿಳಿಯಲಾರೆ. ಕಳೆ ಕೀಳುವ, ಪೈರು ನೆಡುವ, ಕಣದಲ್ಲಿ ತೂರುವ ಕೈಗಳು ಯಾರವೆಂಬುದನ್ನು ಬಲ್ಲ ಯಾರೂ ಹಾಗೆ ತಿಳಿಯಲಾರರು.

ಆ ಸಮೀಕ್ಷೆಗಳ ವರದಿಗಳನ್ನು ಓದಿ, 1962ರಲ್ಲಿ ‘ಎಕನಾಮಿಕ್ ವೀಕ್ಲಿ’ ಪತ್ರಿಕೆಯಲ್ಲಿ ಅಮರ್ತ್ಯ ಸೇನರು ಬರೆದ ಪುಟ್ಟ ಲೇಖನವೊಂದು ಈ ಶಾಸ್ತ್ರದ ದಿಕ್ಕನ್ನೇ ತಿರುಗಿಸಿತು. ಮನೆಮಂದಿಯ ದುಡಿಮೆಗೆ ಚಾಲ್ತಿಯಲ್ಲಿರುವ ಕೂಲಿಯನ್ನು ಕಟ್ಟಿದರೆ ನಮ್ಮ ಬೇಸಾಯದ ಬಹುಭಾಗ ನಷ್ಟದ ಕಸುಬಾಗಿ ಕಾಣುತ್ತದೆ. ಹಿಡುವಳಿ ದೊಡ್ಡದಾದಂತೆ ಲಾಭ ಏರುತ್ತದೆ. ಆದರೆ ಎಕರೆಯ ಇಳುವರಿ ಮಾತ್ರ ಹಿಡುವಳಿ ದೊಡ್ಡದಾದಂತೆ ಇಳಿಯುತ್ತದೆ. ಒಂದಕ್ಕೊಂದು ವಿರುದ್ಧವಾಗಿ ತೋರುವ ಈ ಮೂರನ್ನೂ ಅವರು ಒಂದೇ ಸೂತ್ರದಲ್ಲಿ ಪೋಣಿಸಿದರು. ಕೂಲಿ ಕೊಟ್ಟು ಮಾಡಿಸುವ ದೊಡ್ಡ ಹಿಡುವಳಿದಾರನು ಇನ್ನೊಂದು ಆಳಿನಿಂದ ಬರುವ ಹೆಚ್ಚುವರಿ ಫಸಲು ಆ ಕೂಲಿಗೆ ಸಮವಾದೊಡನೆ ನಿಲ್ಲಿಸುವನು. ಹೊರಗೆ ಬೇರೆ ಕೆಲಸ ದೊರೆಯದ ಸಣ್ಣ ರೈತನ ಕುಟುಂಬವಾದರೋ ಮತ್ತೊಮ್ಮೆ ಕಳೆ ತೆಗೆದರೆ ಮತ್ತೆರಡು ಸೇರು ಬರುವುದಾದರೆ ಆ ಎರಡು ಸೇರಿಗಾಗಿಯೂ ಬಾಗುವುದು. ಎಕರೆಯ ಫಸಲು ಹೆಚ್ಚುವುದಕ್ಕೂ ಪುಸ್ತಕದಲ್ಲಿ ನಷ್ಟ ಕಾಣುವುದಕ್ಕೂ ಕಾರಣ ಒಂದೇ, ಆ ಬಾಗಿದ ಬೆನ್ನು.

ಹಿಡುವಳಿಯ ಗಾತ್ರಕ್ಕೂ ಎಕರೆಯ ಇಳುವರಿಗೂ ಇರುವ ಈ ವಿಲೋಮ ಸಂಬಂಧದ ಚರ್ಚೆ ದಶಕಗಳವರೆಗೆ ಹಬ್ಬಿತು. ಸಣ್ಣ ಹಿಡುವಳಿಗಳ ಮಣ್ಣೇ ಫಲವತ್ತಾದುದೆಂದು ಕೆಲವರು ಹೇಳಿದರು. ಅಶೋಕ ರುದ್ರರು ಅಂಕಿಅಂಶಗಳನ್ನೇ ಶಂಕಿಸಿದರು. ನಮ್ಮ ಕಾರವಾರದಲ್ಲಿ ಜನಿಸಿದ ಕೃಷ್ಣಾ ಭಾರದ್ವಾಜರು 1974ರ ತಮ್ಮ ಗ್ರಂಥದಲ್ಲಿ ಅದೇ ಸಮೀಕ್ಷೆಗಳನ್ನು ಮತ್ತೆ ಶೋಧಿಸಿ, ಬೆಳೆಗಳ ಆಯ್ಕೆಯೂ ಬೆಳೆಯ ಸಾಂದ್ರತೆಯೂ ಈ ವ್ಯತ್ಯಾಸದಲ್ಲಿ ಎಷ್ಟು ಪಾತ್ರ ವಹಿಸುವುವೆಂಬುದನ್ನು ತೋರಿಸಿದುದಲ್ಲದೆ, ಸಾಲ ಕೊಡುವವನೂ ನೆಲ ಕೊಡುವವನೂ ಫಸಲು ಕೊಳ್ಳುವವನೂ ಒಬ್ಬನೇ ಆಗಿರುವಾಗ ಬಡರೈತನು ಪೇಟೆಗೆ ಬರುವುದು ಇಚ್ಛೆಯಿಂದಲ್ಲ, ನಿರ್ಬಂಧದಿಂದ ಎಂಬ ಗಂಭೀರ ಸತ್ಯವನ್ನು ಮುಂದಿಟ್ಟರು. ಈ ಪರಂಪರೆಯಲ್ಲಿ ನಾನು ಹೆಚ್ಚು ಗೌರವದಿಂದ ಮತ್ತೆ ಮತ್ತೆ ತೆರೆಯುವ ಪುಸ್ತಕ ಅದು.

ಕೂಲಿಯೆಂಬುದೇ ಪೇಟೆಯ ಅಂಕಿಯಲ್ಲವೆಂಬುದಕ್ಕೆ ನಮ್ಮ ಮಂಡ್ಯದ ನಾಡಿನಿಂದಲೇ ಸಾಕ್ಷ್ಯ ದೊರೆಯಿತು. ವಿಶ್ವೇಶ್ವರಯ್ಯ ನಾಲೆಯ ನೀರು ಹರಿದ ಒಂದು ಹಳ್ಳಿಯಲ್ಲಿಯೂ ಹರಿಯದೆ ಉಳಿದ ಇನ್ನೊಂದರಲ್ಲಿಯೂ 1950ರ ದಶಕದ ಮಧ್ಯದಲ್ಲಿ ನೆಲೆಸಿ, ಅವಕ್ಕೆ ವಂಗಲ, ದಲೇನ ಎಂಬ ಮರೆಹೆಸರುಗಳನ್ನಿತ್ತು ಬರೆದ ಸ್ಕಾರ್ಲೆಟ್ ಎಪ್‌ಸ್ಟೈನರು, ವರ್ಷಕ್ಕಿಷ್ಟು ಧಾನ್ಯವೆಂದು ಗೊತ್ತಾದ ಆಳಿನ ಪಾಲು ಫಸಲು ತುಂಬಿದಾಗ ಏರದೆ, ಕೈಕೊಟ್ಟಾಗ ಇಳಿಯದೆ ನಿಲ್ಲುವುದನ್ನು ಕಂಡರು. ಬರಗಾಲದಲ್ಲಿ ಊಟ ಖಚಿತವಾಗಿರಲೆಂಬ ಒಪ್ಪಂದ ಅದು. ಹಂಗಿನ ಸರಪಳಿಯೂ ಅದೇ.

ಇನ್ನು ಬೆಲೆಯ ಮಾತು. ಬೆಲೆ ಏರಿದರೆ ಭಾರತದ ರೈತನು ಹೆಚ್ಚು ಬೆಳೆಯುವನೇ, ಅಥವಾ ಕಂದಾಯ, ಸಾಲಗಳಿಗೆ ಬೇಕಾದ ಹಣ ಬಂದೊಡನೆ ಕೈಕಟ್ಟಿ ಕುಳಿತುಕೊಳ್ಳುವನೇ? ರಾಜ್ ಕೃಷ್ಣರು 1963ರಲ್ಲಿ ಅವಿಭಕ್ತ ಪಂಜಾಬಿನ ಅಂಕಿಗಳನ್ನು ಆಧರಿಸಿಯೂ, ಧರ್ಮ ನಾರಾಯಣರು 1965ರಲ್ಲಿ 1900ರಿಂದ 1939ರವರೆಗಿನ ದಾಖಲೆಗಳನ್ನು ಆಧರಿಸಿಯೂ ಇದನ್ನು ಪರೀಕ್ಷಿಸಿದರು. ಹತ್ತಿಯಂತಹ ಬೆಳೆಗಳಲ್ಲಿ ಬೆಲೆಯ ಜಾಡನ್ನು ಬಿತ್ತನೆ ಹಿಂಬಾಲಿಸುವುದು ಸ್ಪಷ್ಟವಾಯಿತು. ನಡುವೆ, 1964ರಲ್ಲಿ, ಥಿಯೊಡೋರ್ ಶುಲ್ಟ್ಸ್ ಸಾಂಪ್ರದಾಯಿಕ ರೈತನು ಬಡವನಾದರೂ ತನ್ನಲ್ಲಿರುವುದನ್ನು ದಕ್ಷತೆಯಿಂದಲೇ ಬಳಸುವನೆಂದು ಸಾರಿದ್ದರು. ಅಂತೂ ರೈತನಿಗೆ ಲೆಕ್ಕ ಬಾರದೆಂಬ ಹಳೆಯ ಅಪವಾದ ವಿದ್ವತ್ಸಭೆಯಲ್ಲಿ ತೊಡೆದುಹೋಯಿತು.

ಆದರೆ ಲೆಕ್ಕ ಬಲ್ಲವನಿಗೆ ಪೇಟೆಯಲ್ಲಿ ನ್ಯಾಯ ದೊರೆಯುತ್ತಿತ್ತೇ? ದಲ್ಲಾಳಿಯೂ ಖರೀದಿದಾರನೂ ವಸ್ತ್ರದ ಮರೆಯಲ್ಲಿ ಕೈಕೈ ಹಿಡಿದು ಬೆರಳೊತ್ತಿ ಬೆಲೆ ಮಾತಾಡುತ್ತಿದ್ದರೆ, ಮಾಲು ಬೆಳೆದವನು ಪಕ್ಕದಲ್ಲಿಯೇ ನಿಂತು ತನ್ನ ವರ್ಷದ ಬಾಳು ಆ ಬಟ್ಟೆಯ ಕೆಳಗೆ ತೀರ್ಮಾನವಾಗುವುದನ್ನು ಮೂಕನಾಗಿ ನೋಡುತ್ತಿದ್ದನು. 1928ರಲ್ಲಿ ವರದಿಯಿತ್ತ ರಾಯಲ್ ಕೃಷಿ ಆಯೋಗವು ನಿಯಂತ್ರಿತ ಮಾರುಕಟ್ಟೆಗಳನ್ನು ಶಿಫಾರಸು ಮಾಡಿತು. 1939ರಲ್ಲಿ ಮೈಸೂರು ಸಂಸ್ಥಾನವೂ ಶಾಸನ ಮಾಡಿತು. 1966ರ ಕರ್ನಾಟಕದ ಶಾಸನ ಇಂದಿನ ಎಪಿಎಂಸಿಗಳಿಗೆ ಆಧಾರವಾಯಿತು. ಪೇಟೆಪೇಟೆಗಳ ಬೆಲೆಯ ಅಂತರವನ್ನು ಸಾಗಣೆಯ ವೆಚ್ಚದೊಡನೆ ಹೋಲಿಸಿ, ಧಾನ್ಯವ್ಯಾಪಾರದಲ್ಲಿ ಸ್ಪರ್ಧೆ ಸಾಕಷ್ಟಿದೆಯೆಂದು ಉಮಾ ಲೇಲೆಯವರು 1971ರಲ್ಲಿ ನಿರೂಪಿಸಿದರು. ಬೆಲೆಗಳು ಜೊತೆಜೊತೆಯಾಗಿ ಏರಿಳಿದ ಮಾತ್ರಕ್ಕೆ ಸ್ಪರ್ಧೆ ಸಿದ್ಧವಾಗದೆಂದು ತಮಿಳುನಾಡಿನ ಉತ್ತರ ಆರ್ಕಾಟಿನಲ್ಲಿ ಕೆಲಸ ಮಾಡಿದ ಬಾರ್ಬರಾ ಹ್ಯಾರಿಸ್ ಪ್ರತಿವಾದ ಹೂಡಿದರು. ನನ್ನ ಮನಸ್ಸು ಈ ಎರಡನೆಯ ಪಕ್ಷದತ್ತ ವಾಲುತ್ತದೆ. ಎರಡು ಊರುಗಳ ದರ ಒಟ್ಟಿಗೆ ಏರುವುದರಿಂದ, ಮುಂಗಡ ಕೊಟ್ಟ ಮಂಡಿಗೇ ಮಾಲು ಹಾಕಬೇಕಾದವನಿಗೆ ಇನ್ನೊಂದು ಬಾಗಿಲು ತೆರೆದಂತಾಗುವುದಿಲ್ಲ.

ಕರ್ನಾಟಕವು 2014ರಿಂದ ತನ್ನ ಮಾರುಕಟ್ಟೆಗಳನ್ನು ಒಂದೇ ಆನ್‌ಲೈನ್ ಟೆಂಡರ್ ವ್ಯವಸ್ಥೆಗೆ ಜೋಡಿಸಿದ ಪ್ರಯೋಗ ದೇಶದಲ್ಲೇ ಮೊದಲಿಗೆ ಗಮನ ಸೆಳೆದುದು. ಅದನ್ನು ಕುರಿತು 2020ರಲ್ಲಿ ಪ್ರಕಟವಾದ ಅಧ್ಯಯನವು ಭತ್ತದ ದರದಲ್ಲಿ ಶೇ. 5.1, ನೆಲಗಡಲೆಯಲ್ಲಿ ಶೇ. 3.6, ಮುಸುಕಿನ ಜೋಳದಲ್ಲಿ ಶೇ. 3.5ರಷ್ಟು ಏರಿಕೆಯನ್ನು ಗುರುತಿಸಿತು. ಉತ್ತಮ ಗುಣದ ಮಾಲು ತಂದವರಿಗೆ ಹೆಚ್ಚು ಪ್ರಯೋಜನವಾಯಿತೆಂದೂ ತಿಳಿಸಿತು. ಬಟ್ಟೆಯ ಮರೆ ಕಳಚಿದುದರ ಬೆಲೆ ಇಷ್ಟು. ಸಣ್ಣದಲ್ಲ, ಆದರೆ ಸಾಲದೆಂಬುದೂ ನಿಜ.

ಸಾಲದುದನ್ನು ತುಂಬಿಕೊಡಬೇಕಾದುದು ಸರ್ಕಾರದ ಬೆಂಬಲ ಬೆಲೆ. 1965ರಲ್ಲಿ ಎಂ. ಎಲ್. ದಾಂತ್‌ವಾಲಾ ಅವರ ಅಧ್ಯಕ್ಷತೆಯಲ್ಲಿ ಸ್ಥಾಪಿತವಾದ ಕೃಷಿ ಬೆಲೆ ಆಯೋಗದಿಂದ ಇಂದಿನವರೆಗೆ ಅದರ ಜಗಳವೆಲ್ಲ ಎ, ಬಿ, ಸಿ ಎಂಬ ಆ ಹಳೆಯ ಮೆಟ್ಟಿಲುಗಳ ಮೇಲೆಯೇ ನಡೆದಿದೆ. ವೆಚ್ಚದ ಮೇಲೆ ಕನಿಷ್ಠ ಅರ್ಧದಷ್ಟು ಹೆಚ್ಚು ಕೊಡಬೇಕೆಂದು ಎಂ. ಎಸ್. ಸ್ವಾಮಿನಾಥನ್ ನೇತೃತ್ವದ ರೈತರ ಆಯೋಗ ಹೇಳಿತು. ಯಾವ ವೆಚ್ಚವೆಂಬುದೇ ವಿವಾದವಾಯಿತು. 2018–19ರ ಮುಂಗಾರಿನಲ್ಲಿ ಒಂದು ಕ್ವಿಂಟಲ್ ಭತ್ತಕ್ಕೆ, ಕೈಯಿಂದ ಕೊಟ್ಟ ವೆಚ್ಚವೂ ಮನೆಮಂದಿಯ ದುಡಿಮೆಯೂ ಸೇರಿ 1,166 ರೂಪಾಯಿ; ಸ್ವಂತ ನೆಲದ ಗೇಣಿಯನ್ನೂ ಬಂಡವಾಳದ ಬಡ್ಡಿಯನ್ನೂ ಕೂಡಿಸಿದರೆ 1,560. ಸರ್ಕಾರವು ಮೊದಲನೆಯದನ್ನು ಒಂದೂವರೆ ಪಟ್ಟು ಮಾಡಿ 1,750 ಎಂದು ಘೋಷಿಸಿತು. ಎರಡನೆಯದನ್ನು ಹಿಡಿದ ರೈತಸಂಘಟನೆಗಳು 2,340 ಕೇಳಿದವು. ಮನೆಯ ದುಡಿಮೆ ಕೊನೆಗೂ ಲೆಕ್ಕಕ್ಕೆ ಬಂದಿತೆಂಬುದು ಸಮಾಧಾನ. ಬಂದುದು ಕೂಲಿಯಾಳಿನ ದರದಲ್ಲಿ, ಬಿತ್ತುವುದೇನು, ಯಾವಾಗ, ಎಷ್ಟು ಸಾಲ ಮಾಡಿ ಎಂದು ರಾತ್ರಿಯೆಲ್ಲ ಚಿಂತಿಸಿದ ಯಜಮಾನಿಕೆಗೆ ಏನೂ ಇಲ್ಲದೆ.

2019ರ ಅವಧಿಯನ್ನು ಕುರಿತ ರಾಷ್ಟ್ರೀಯ ಮಾದರಿ ಸಮೀಕ್ಷೆಯು ಬೇಸಾಯದ ಕುಟುಂಬವೊಂದರ ಸರಾಸರಿ ಮಾಸಿಕ ಆದಾಯವನ್ನು ಎರಡು ವಿಧವಾಗಿ ಮುದ್ರಿಸಿದೆ. ಹಣ ಕೊಟ್ಟು ಮಾಡಿದ ಖರ್ಚನ್ನು ಮಾತ್ರ ಕಳೆದರೆ 10,218 ರೂಪಾಯಿ. ಹಣವಿಲ್ಲದೆ ಮನೆಯಿಂದಲೇ ಒದಗಿದುದಕ್ಕೂ ಬೆಲೆ ಕಟ್ಟಿ ಕಳೆದರೆ 8,337. ಮೊದಲನೆಯ ಅಂಕಿಯಲ್ಲಿಯೂ ಬೆಳೆಯಿಂದ ಬಂದುದು 3,798 ಮಾತ್ರ, ಹೊರಗಿನ ಕೂಲಿ ಸಂಬಳಗಳಿಂದ ಬಂದುದು 4,063. ನೂರು ವರ್ಷಗಳ ಹಿಂದೆ ಪಿಂಪಳೆ ಸೌದಾಗರದಲ್ಲಿ ಮ್ಯಾನ್ ಅವರು ಬರೆದಿಟ್ಟುದನ್ನು ಈ ಎರಡು ಅಂಕಿಗಳು ಇಡೀ ದೇಶದ ಮಟ್ಟದಲ್ಲಿ ಮತ್ತೆ ಬರೆದಿವೆ. ಎರಡು ಆದಾಯಗಳ ನಡುವಣ 1,881 ರೂಪಾಯಿಯಾದರೋ, ಕೋಲಾರದ ಆ ಚೀಟಿಯಲ್ಲಿ ಇನ್ನೂ ಯಾವ ಸಾಲಿಗೂ ಸೇರದೆ ಉಳಿದಿದೆ.